ಗೇಟಿನ ಮುಂದಿನ ನೀಲಿ ಡಬ್ಬಿ

ಮೂವತ್ತೆರಡು ವರ್ಷ ಕಚೇರಿಯಲ್ಲಿ ಕೂತು ಊರವರ ಅರ್ಜಿಗಳನ್ನು ತಿರಸ್ಕರಿಸಿದ ಮನುಷ್ಯ ನಿವೃತ್ತನಾದ ಮೇಲೆ ಏನು ಮಾಡಬೇಕು? ತಾನೇ ಅರ್ಜಿ ಬರೆಯಬೇಕು. ಬೀದಿನಾಯಿ, ಬೀದಿದೀಪ, ಎದುರುಮನೆಯ ಮಿಕ್ಸಿಯ ಸದ್ದು, ಯಾವುದನ್ನೂ ಅವರ ಲೇಖನಿ ಬಿಟ್ಟಿರಲಿಲ್ಲ. ಒಂದಕ್ಕೂ ಉತ್ತರ ಬಂದಿರಲಿಲ್ಲ ಎನ್ನುವುದು ಬೇರೆ ಮಾತು. ಬೀದಿಯವರು ಗೌರವದಿಂದ (ಎದುರಿಗಿದ್ದಾಗ ಮಾತ್ರ) ಅವರನ್ನು ಅರ್ಜಿ ಸಾಹೇಬರು ಎನ್ನುತ್ತಿದ್ದರು.

ಇಂಥ ಸಾಹೇಬರ ಗೇಟಿನ ಮುಂದೆ ಒಂದು ಸೋಮವಾರ ಲಾರಿಯೊಂದು ಆಳೆತ್ತರದ ನೀಲಿ ಪ್ಲಾಸ್ಟಿಕ್ ಡಬ್ಬಿಯನ್ನು ಇಳಿಸಿ ಹೋಯಿತು. ಪಕ್ಕದ ಸೈಟಿನಲ್ಲಿ ಮನೆ ಕಟ್ಟುವ ಕೂಲಿಯವರಿಗೆಂದು ಗುತ್ತಿಗೆದಾರ ತರಿಸಿದ ಕಕ್ಕಸು ಅದು. ಸೈಟಿನ ತುಂಬ ಪಾಯದ ಗುಂಡಿ. ರಸ್ತೆಯಲ್ಲಿ ಸಮತಟ್ಟಾಗಿದ್ದದ್ದು ಸಾಹೇಬರ ಗೇಟಿನ ಮುಂದಿನ ಜಾಗವೊಂದೇ. ಅದನ್ನು ನಿಂತು ಸಮತಟ್ಟು ಮಾಡಿಸಿದವರೂ ಅವರೇ.

“ಮನೆ ಗುರುತು ಏನು ಅಂತ ಯಾರಾದ್ರೂ ಕೇಳಿದ್ರೆ ಏನ್ ಹೇಳ್ಲಿ? ಕಕ್ಕಸಿನ ಹಿಂದಿನ ಮನೆ ಅನ್ಲಾ?” ಎಂದು ಸಾಹೇಬರು ಹೆಂಡತಿಯ ಮೇಲೆ ರೇಗಿದರು.

“ಅನ್ನಿ, ಬೇಗ ಸಿಗತ್ತೆ,” ಎಂದರು ಆಕೆ ಸೊಪ್ಪು ಬಿಡಿಸುತ್ತ. “ಆ ಹೆಂಗಸ್ರು ಇಷ್ಟು ದಿನ ಬೆಳಗಿಂದ ಸಂಜೆವರೆಗೂ ನೀರು ಕುಡೀದೆ ಇಟ್ಟಿಗೆ ಹೊರ್ತಿದ್ರು. ಯಾಕೆ ಅಂತ ಗೊತ್ತಾ ನಿಮಗೆ?”

“ಅದು ಬೇರೆ ವಿಷಯ.”

“ಅದೇ ರೀ ವಿಷಯ.”

ಸಾಹೇಬರಿಗೆ ಗೇಟಿನ ಮರ್ಯಾದೆಗಿಂತ ದೊಡ್ಡ ಸಂಕಟ ಇನ್ನೊಂದಿತ್ತು; ಬಾಯಿಬಿಟ್ಟು ಹೇಳುವಂಥದ್ದಲ್ಲ. ಅವರ ಹೊಟ್ಟೆ ಮಹಾ ಹಟಮಾರಿ. ಬೆಳಗ್ಗೆ ಎಂಟರಿಂದ ನಲವತ್ತು ನಿಮಿಷ, ಕೈಯಲ್ಲಿ ಪತ್ರಿಕೆ, ಸುತ್ತ ಪರಮ ಶಾಂತಿ, ಇಷ್ಟಿದ್ದರೆ ಮಾತ್ರ ಅದು ಅನುಗ್ರಹಿಸುತ್ತಿತ್ತು. ತಪ್ಪಿದರೆ ಇಡೀ ದಿನ ಹಾಳು. ಈಗ ಕಕ್ಕಸೂ ಸೇರಿದ ಅವರ ಬಚ್ಚಲಿನ ಕಿಟಕಿಯಾಚೆಯೇ ಡಬ್ಬಿಯ ಬಾಗಿಲು ದಡಾರ್ ದಡಾರ್ ಎಂದು ಬಡಿಯುತ್ತಿತ್ತು, ಒಂದೊಂದು ಬಡಿತಕ್ಕೂ ಅನುಗ್ರಹ ಹಿಂದಕ್ಕೆ ಹೋಗುತ್ತಿತ್ತು.

ಅವರು ನಗರಸಭೆಗೆ ಹದಿನಾಲ್ಕು ಅಂಶಗಳ ಅರ್ಜಿ ಬರೆದರು. ಒಂಬತ್ತನೆಯದು ಅವರ ಪ್ರತಿಭೆಯ ಶಿಖರ: ಯಾವ ಮನೆಯ ಗೇಟಿನಿಂದಲೂ ಮೂವತ್ತು ಅಡಿಯೊಳಗೆ ಇಂಥ ಡಬ್ಬಿ ಇಡಕೂಡದು. ಬರೀ ತಮ್ಮ ಮನೆಯೆಂದರೆ ಸ್ವಾರ್ಥವೆನಿಸೀತೆಂದು ಬೀದಿಯವರೆಲ್ಲರ ಸಹಿ ಹಾಕಿಸಿದರು.

ಪವಾಡ ನಡೆಯಿತು. ಮೂರನೇ ದಿನಕ್ಕೆ ಲಾರಿ ಬಂದು ಡಬ್ಬಿಯನ್ನು ಎತ್ತಿಕೊಂಡು ಹೋಯಿತು. ಜೀವಮಾನದ ಮೊದಲ ಗೆಲುವು. ಸಾಹೇಬರು ಗೇಟಿನಲ್ಲಿ ನಿಂತು ಲಾರಿ ತಿರುವು ದಾಟುವವರೆಗೂ ನೋಡಿದರು.

ಮರುದಿನ ಎಂಟು ಗಂಟೆಗೆ ಪತ್ರಿಕೆ ಹಿಡಿದು ಹೋದರೆ ಬಚ್ಚಲಿನ ಬಾಗಿಲಿಗೆ ಒಳಗಿಂದ ಚಿಲಕ. ಹೊರಗೆ, ಮೈಯೆಲ್ಲ ಸಿಮೆಂಟಿನ ಧೂಳಾದ ಇಬ್ಬರು ಹೆಂಗಸರು ಗೋಡೆಗೆ ಒತ್ತಿ ನಿಂತಿದ್ದರು.

“ನಾನೇ ಕರೆದೆ,” ಎಂದರು ಹೆಂಡತಿ ಅಡುಗೆಮನೆಯಿಂದಲೇ. “ನೀವು ಡಬ್ಬಿ ಎತ್ತಿಸಿದ್ರಿ. ಅವರೆಲ್ಲಿಗೆ ಹೋಗ್ಬೇಕು?”

“ನೀವು ಹೋಗ್ಬನ್ನಿ ಅಪ್ಪಾ, ನಾವು ಕಾಯ್ತೀವಿ,” ಎಂದಳು ಇಬ್ಬರಲ್ಲಿ ಹಿರಿಯಳು.

ಒಳಗಿದ್ದವಳು ಬಂದ ಮೇಲೆ ಸಾಹೇಬರು ಹೋದರು. ಹೊರಗೆ ಇಬ್ಬರು ಕಾಯುತ್ತಿದ್ದಾರೆಂದು ಗೊತ್ತಿದ್ದೂ ಯಾವ ಹೊಟ್ಟೆ ತಾನೇ ಧೈರ್ಯ ಮಾಡೀತು? ಒಂದೇ ಸುದ್ದಿಯನ್ನು ಐದು ಸಲ ಓದಿ, ಹೋದ ಹಾಗೆಯೇ ಹೊರಗೆ ಬಂದರು. ಹಿರಿಯಳು ಆಗ ಅವರ ಹೆಂಡತಿ ಕೊಟ್ಟ ಚೊಂಬಿನ ನೀರನ್ನು ಒಂದೇ ಗುಟುಕಿಗೆ ಕುಡಿಯುತ್ತಿದ್ದಳು. ಅದನ್ನು ನೋಡಿ ಸಾಹೇಬರಿಗೆ ನಿಜಕ್ಕೂ ನಾಚಿಕೆಯಾಯಿತು. (ನಾಚಿಕೆಯಿಂದ ಹೊಟ್ಟೆ ಹಗುರಾಗಲಿಲ್ಲ.)

ಹೀಗೆ ಮೂರು ಬೆಳಗು ಕಳೆದು ನಾಲ್ಕನೇ ದಿನ, ಮುಖ ಊದಿಸಿಕೊಂಡು ನಗರಸಭೆ ಕಚೇರಿಗೆ ಹೋಗಿ, ಡಬ್ಬಿ ವಾಪಸ್ ಬೇಕೆಂದರು.

“ಆಗಲ್ಲ ಸಾರ್,” ಎಂದ ಅಲ್ಲಿಯ ಅಧಿಕಾರಿ. “ನಿಮ್ಮ ಒಂಬತ್ತನೇ ಅಂಶ ನಮಗೆ ಬಹಳ ಹಿಡಿಸ್ತು. ಇಡೀ ಬೀದಿಗೆ ಅದನ್ನೇ ಆದೇಶ ಮಾಡಿಬಿಟ್ವಿ. ನಿಮ್ಮ ಬೀದೀಲಿ ಇಪ್ಪತ್ತು ಅಡಿಗೊಂದು ಗೇಟು. ಎಲ್ಲಿ ಅಂತ ಇಡೋಣ?”

“ಬೇರೆ ದಾರೀನೇ ಇಲ್ವಾ?”

“ಯಾರಾದ್ರೂ ಸ್ವಂತ ಕಾಂಪೌಂಡಿನೊಳಗೆ ಇಟ್ಕೊಳ್ತೀವಿ ಅಂತ ಒಪ್ಪಿಗೆ ಬರೆದುಕೊಟ್ರೆ ಇಡಬಹುದು. ಅಂಥ ಪುಣ್ಯಾತ್ಮ ಯಾರಿದಾರೆ ಸಾರ್?”

ಪುಣ್ಯಾತ್ಮರು ಅಲ್ಲೇ ಕೂತು ಬರೆದುಕೊಟ್ಟರು. ಅವರ ಬದುಕಿನ ಅತ್ಯಂತ ಚಿಕ್ಕ ಅರ್ಜಿ ಅದು, ಒಂದೇ ಸಾಲು. ಸಂಜೆಯೊಳಗೆ ನೀಲಿ ಡಬ್ಬಿ ಗೇಟಿನೊಳಗೆ, ಅವರ ಗುಲಾಬಿ ಕುಂಡಗಳ ಮಧ್ಯೆ, ಬಂದು ನಿಂತಿತು.

ಬೆಳಗ್ಗೆ ಎಂಟಕ್ಕೆ ಸಾಹೇಬರು ಪತ್ರಿಕೆ ಮಡಚಿಕೊಂಡು ಉತ್ಸಾಹದಿಂದ ಬಚ್ಚಲಿಗೆ ಹೊರಟರು. ಹೆಂಡತಿ ಅಡ್ಡ ನಿಂತರು.

“ಇಳಿಸುವಾಗ ಡಬ್ಬಿ ಚಿಲಕ ಮುರಿದುಹೋಗಿದೆ. ಚಿಲಕ ಇಲ್ಲದ ಕಡೆ ಹೆಂಗಸ್ರು ಹೇಗೆ ಹೋಗ್ತಾರೆ ಪಾಪ? ಒಳಗಡೇದು ಅವರಿಗೆ, ಹೊರಗಡೇದು ಗಂಡಸರಿಗೆ ಅಂತ ಹೇಳಿದೀನಿ.”

“ನನಗೆ?”

“ನೀವು ಗಂಡಸಲ್ವಾ?”

ಇದಕ್ಕೆ ಅಲ್ಲವೆನ್ನುವ ಗಂಡು ಯಾರು? ಸಾಹೇಬರು ಟವೆಲ್ ಹೆಗಲಿಗೆ ಹಾಕಿಕೊಂಡು ಅಂಗಳಕ್ಕಿಳಿದರು. ಡಬ್ಬಿಯ ಮುಂದೆ ಗಾರೆ ಮೇಸ್ತ್ರಿ, ಅವನ ಹಿಂದೆ ಮೂವರು ಆಳುಗಳು. ಸಾಹೇಬರು ಸಾಲಿನ ಕೊನೆಗೆ ನಿಂತರು.

ಮೇಸ್ತ್ರಿ ಮರ್ಯಾದಸ್ಥ. “ಬನ್ನಿ ಸಾರ್, ದೊಡ್ಡೋರು, ಮೊದಲು ನೀವು ಹೋಗಿ. ಬಾಗಿಲು ನಾನು ಹಿಡ್ಕೊಂಡಿರ್ತೀನಿ,” ಎಂದು ದಾರಿ ಬಿಟ್ಟ. ಸಾಹೇಬರು ಒಳಗೆ ಕಾಲಿಡುವಾಗ ಅವರ ಕೈಯಿಂದ ಪತ್ರಿಕೆಯನ್ನು ಮೆಲ್ಲಗೆ ತೆಗೆದುಕೊಂಡ.

“ಇದು ಇಲ್ಲೇ ಇರ್ಲಿ ಸಾರ್. ನಾಲ್ಕು ಜನ ಕಾಯ್ತಾ ಇದೀವಿ.”