ಹುಬ್ಬು ಬೆಳೆದ ಕಾಲ

ಮನೆಯಲ್ಲೇ ಕೂತವಳಿಗೆ ಏನು ತಾನೇ ಆಗುತ್ತೆ ಅಂತ ಕೇಳುವವರಿದ್ದಾರೆ. ನನಗಂತೂ ಊರೆಲ್ಲ ಓಡಾಡಿಕೊಂಡಿದ್ದಾಗ ಆಗದ ಫಜೀತಿಗಳೆಲ್ಲ ಮನೆಯೊಳಗೆ ಕೂತ ಮೇಲೆಯೇ ಆದವು. ಅದೂ ಎಲ್ಲ ಮುಖದ ಮೇಲೆಯೇ.

ನಾನು ಶಿವಾಜಿನಗರದ ಹತ್ತಿರ ಒಂದು ಆಡಿಟರ್ ಆಫೀಸಿನಲ್ಲಿ ರಿಸೆಪ್ಷನಿಸ್ಟ್. ಬಾಗಿಲು ತಳ್ಳಿಕೊಂಡು ಬಂದವರಿಗೆ ಮೊದಲು ಕಾಣುವುದು ನನ್ನ ಮುಖ. ಹಾಗಾಗಿ ಬೆಳಿಗ್ಗೆ ಅದಕ್ಕೆ ಸಲ್ಲಬೇಕಾದ ಮರ್ಯಾದೆಯನ್ನೆಲ್ಲ ಸಲ್ಲಿಸಿಯೇ ಜೀವನ್ ಬಿಮಾ ನಗರದಲ್ಲಿ ಬಸ್ಸು ಹತ್ತುತ್ತಿದ್ದೆ. ಕ್ರೀಮು, ಪೌಡರು, ಕಾಡಿಗೆ, ಲಿಪ್‌ಸ್ಟಿಕ್ಕು, ಗಂಜಿ ಹಾಕಿದ ಕಾಟನ್ ಸೀರೆ. ಆಮೇಲೆ ಕೊರೋನಾ ಬಂತು, ಆಫೀಸು ಮುಚ್ಚಿತು. ಆಫೀಸಿನ ಕಂಪ್ಯೂಟರು ಬಂದು ನಮ್ಮ ಊಟದ ಮೇಜಿನ ಮೇಲೆ ಕೂತಿತು. ಮನೆಯಲ್ಲಿ ನಾವು ಮೂರೇ ಜನ: ನಾನು, ಕಾರ್ಖಾನೆಯಲ್ಲಿ ಫಿಟ್ಟರ್ ಆಗಿರುವ ನಮ್ಮವರು, ನಮ್ಮತ್ತೆ.

ಮೇಜಿನವರೆಗೆ

ಮೊದಮೊದಲು ಹಳೇ ಅಭ್ಯಾಸ ಬಿಡಲಿಲ್ಲ. ಎಂದಿನಂತೆ ಎದ್ದು ಸ್ನಾನ ಮಾಡಿ, ಸೀರೆ ಉಟ್ಟು, ಪಿನ್ನು ಹಾಕಿ, ತುಟಿಗೆ ಬಣ್ಣ ಹಚ್ಚಿ ರೂಮಿನಿಂದ ಹೊರಗೆ ಬಂದೆ. ಹುರುಳಿಕಾಯಿ ನಾರು ತೆಗೆಯುತ್ತಾ ಕೂತಿದ್ದ ಅತ್ತೆ ನನ್ನನ್ನು ಮೇಲಿಂದ ಕೆಳಗೆ ನೋಡಿದರು. ರಸ್ತೆ ತುಂಬ ಪೊಲೀಸರು ನಿಂತಿದ್ದಾರೆ, ಇವಳು ಎಲ್ಲಿಗೆ ಹೊರಟಳು ಅಂತ ಅವರಿಗೆ ಗಾಬರಿ.

ಎಲ್ಲಿಗೂ ಇಲ್ಲ, ಊಟದ ಮೇಜಿಗೆ ಹೋಗುತ್ತಿದ್ದೇನೆ ಅಂದೆ.

ಅವರು ಮತ್ತೆ ಹುರುಳಿಕಾಯಿಗೆ ಕೈ ಹಾಕಿದರು. "ಸರಿ ಹಾಗಾದ್ರೆ. ಬರ್ತಾ ಫ್ರಿಜ್ಜಿಂದ ಕೊತ್ತಂಬರಿ ಸೊಪ್ಪು ತಗೊಂಡ್ಬಾ."

ಜ್ವರ

ಅಲ್ಲಿಂದ ಒಂದೊಂದೇ ಕಳಚತೊಡಗಿತು. ಮೊದಲು ಓಲೆ ಹೋಯಿತು, ಆಮೇಲೆ ಲಿಪ್‌ಸ್ಟಿಕ್ಕು, ಆಮೇಲೆ ಪೌಡರು. ಸೀರೆ ಹೋಗಿ ಚೂಡಿದಾರ್ ಬಂತು. ಒಂದು ದಿನ ಕಾಡಿಗೆಯನ್ನೂ ಬಿಟ್ಟು, ಬರೀ ತೊಳೆದ ಮುಖದಲ್ಲಿ ಆಫೀಸಿನ ವಿಡಿಯೋ ಮೀಟಿಂಗಿಗೆ ಕೂತೆ. ನನಗೋ ಹಾಯೆನಿಸಿತ್ತು. ಸಾಹೇಬರು ಮಾತ್ರ ಲೆಕ್ಕಪತ್ರದ ವಿಷಯ ಅರ್ಧಕ್ಕೇ ನಿಲ್ಲಿಸಿ, ಎಷ್ಟು ದಿನದಿಂದ ಜ್ವರ ಅಂತ ಕೇಳಿದರು. ಜ್ವರ ಇಲ್ಲ ಸಾರ್ ಅಂದರೆ, ಈ ಕಾಲದಲ್ಲಿ ಮುಚ್ಚಿಡಬಾರದು ಅಂತ ಬುದ್ಧಿ ಹೇಳಿ ರಜೆ ಕೊಟ್ಟೇಬಿಟ್ಟರು. ನನ್ನ ಮುಖ ಇರುವುದೇ ಹೀಗೆ ಅಂತ ಅಷ್ಟು ಜನರೆದುರು ಹೇಗೆ ಹೇಳುವುದು? ಸುಮ್ಮನೆ ರಜೆ ತಗೊಂಡೆ.

ಮಾರನೆಯ ದಿನ ಕಾಡಿಗೆ ಹಚ್ಚಿಕೊಂಡು ಕೂತೆ. ಸಾಹೇಬರು ಎಲ್ಲರಿಗೂ ಕೇಳುವಂತೆ ಹೇಳಿದರು: "ನೋಡಿ, ಒಂದು ದಿನ ರೆಸ್ಟ್ ತಗೊಂಡ್ರೆ ಮನುಷ್ಯ ಎಷ್ಟು ಚೇತರಿಸ್ಕೋತಾನೆ."

ಹೊಗಳಿಕೆ

ಅಂಗಡಿಯ ಕ್ರೀಮುಗಳು ಒಂದೊಂದಾಗಿ ಮುಗಿದವು. ಮತ್ತೆ ತರಿಸಲಿಲ್ಲ. ಅಡುಗೆಮನೆಯಲ್ಲಿ ಇದ್ದದ್ದೇ ಸಾಕೆನಿಸಿತು. ಒಂದು ಭಾನುವಾರ ಕಡ್ಲೆಹಿಟ್ಟಿಗೆ ಮೊಸರು, ಚಿಟಿಕೆ ಅರಿಶಿನ, ಪನ್ನೀರು ಕಲಸಿ, ನೆನೆಯಲಿ ಅಂತ ಒಲೆ ಪಕ್ಕ ಇಟ್ಟು ಬಟ್ಟೆ ಒಣಹಾಕಲು ಮಹಡಿಗೆ ಹೋದೆ. ಬಟ್ಟೆ ಹಾಕಿಯಾದರೂ ಅಲ್ಲೇ ನಿಂತಿದ್ದೆ. ಕೆಳಗೆ ಮುಖ್ಯರಸ್ತೆ ಖಾಲಿ ಬಿದ್ದಿತ್ತು. ಆ ಹೊತ್ತಿಗೆ ಅಲ್ಲಿ ಒಂದಾದರೂ ಬಸ್ಸು ಹಾಯಬೇಕಿತ್ತು. ನಿಂತು ಹೋಗುವಷ್ಟು ರಶ್ಶು, ಪಕ್ಕದವಳ ಮಲ್ಲಿಗೆ ಮೂಗಿಗೆ ತಾಗುವುದು, ಹಲಸೂರು ಬರುವಷ್ಟರಲ್ಲಿ ನೆರಿಗೆ ಮುದುಡುವುದು, ಇದನ್ನೆಲ್ಲ ಆಗ ದಿನಾ ಬೈದುಕೊಳ್ಳುತ್ತಿದ್ದೆ.

ಇಳಿದು ಬಂದರೆ ಬಟ್ಟಲು ಖಾಲಿ. ನಮ್ಮವರು ಅದಕ್ಕೆ ಉಪ್ಪು ಖಾರ ಹಾಕಿ, ಈರುಳ್ಳಿ ಅದ್ದಿ ಬಜ್ಜಿ ಕರಿದು, ತಾಯಿ ಮಗ ಇಬ್ಬರೂ ತಿಂದು ಮುಗಿಸುತ್ತಿದ್ದರು. ಮದುವೆಯಾದಾಗಿನಿಂದ ನನ್ನ ಅಡುಗೆಯ ಬಗ್ಗೆ ಒಂದು ಮಾತೂ ಆಡದ ಮನುಷ್ಯ, ನನ್ನ ಕಡೆ ತಿರುಗಿ ಮೆಚ್ಚಿಕೊಂಡು ಹೇಳಿದರು: "ಹಿಟ್ಟು ಚೆನ್ನಾಗಿ ಕಲಸಿದ್ದೆ ಕಣೆ. ಬಾಯಿಗಿಟ್ರೆ ಮದುವೆಮನೆ ವಾಸನೆ."

ಗಾಡಿಯವನು

ತಲೆಗೆ ಬಣ್ಣ ಹಾಕುವುದನ್ನೂ ಬಿಟ್ಟೆ. ಬೈತಲೆಯ ಎರಡೂ ಕಡೆ ಬಿಳಿ ಪಟ್ಟೆ ಅಗಲವಾಗುತ್ತಾ ಬಂತು. ನಮ್ಮತ್ತೆಗೋ ಈ ವಯಸ್ಸಿನಲ್ಲೂ ಕೂದಲು ಕಪ್ಪು. ಅದು ಅವರ ತವರಿನ ಬಳುವಳಿ.

ಒಂದು ದಿನ ಇಬ್ಬರೂ ಮಾಸ್ಕ್ ಹಾಕಿಕೊಂಡು ಗೇಟಿನ ಹತ್ತಿರ ತರಕಾರಿ ಗಾಡಿಗೆ ಹೋದೆವು. ಗಾಡಿಯವನು ಹೊಸಬ. ನಾನು ಬದನೆಕಾಯಿ ಆರಿಸುತ್ತಿದ್ದೆ. ಅವನು ನಮ್ಮತ್ತೆ ಕಡೆ ತಿರುಗಿ ಬಹಳ ಮರ್ಯಾದೆಯಿಂದ ಹೇಳಿದ: "ಅಕ್ಕಾ, ನಿಮ್ಮ ಅತ್ತೇನ ಬಿಸಿಲಲ್ಲಿ ಯಾಕೆ ನಿಲ್ಲಿಸ್ತೀರಾ? ನೆರಳಲ್ಲಿ ಕೂರಿಸಿ, ನಾನೇ ಆರಿಸಿ ಕೊಡ್ತೀನಿ."

ಅತ್ತೆ ಅವನ ತಪ್ಪು ತಿದ್ದಲಿಲ್ಲ. ನನ್ನ ತೋಳು ಹಿಡಿದು ಮೆತ್ತಗೆ ಕರೆದುಕೊಂಡು ಹೋಗಿ ಕಟ್ಟೆಯ ಮೇಲೆ ಕೂರಿಸಿದರು. ಮಂಡಿ ನೋವು, ಮೆಟ್ಟಿಲು ಇಳಿಯೋಕಾಗಲ್ಲ ಅನ್ನುತ್ತಿದ್ದ ಅತ್ತೆ ಅವತ್ತಿನಿಂದ ತರಕಾರಿಗೆ ನನ್ನನ್ನು ಕಳಿಸಲೇ ಇಲ್ಲ.

ಹುಬ್ಬು

ಎಲ್ಲ ಬಿಟ್ಟರೂ ಹುಬ್ಬಿನದು ಮಾತ್ರ ಮನಸ್ಸಿಗೆ ಒಗ್ಗಲಿಲ್ಲ. ಅದಕ್ಕೆ ಕಾರಣ ಹುಬ್ಬಲ್ಲ, ಪಾರ್ಲರ್ ಅಕ್ಕ.

ಶಿವಾಜಿನಗರ ಬಸ್‌ಸ್ಟ್ಯಾಂಡಿನ ಹಿಂದೆ, ಬಟ್ಟೆ ಅಂಗಡಿಯ ಮೇಲೆ ಎರಡು ಕುರ್ಚಿಯ ಒಂದು ಪಾರ್ಲರ್. ನಡೆಸುತ್ತಿದ್ದವಳು ಕಲಬುರಗಿ ಕಡೆಯವಳು. ನನಗಿಂತ ಚಿಕ್ಕವಳು, ಆದರೂ ನಾನು ಅವಳನ್ನು ಅಕ್ಕ ಅನ್ನುತ್ತಿದ್ದೆ, ಅವಳು ನನ್ನನ್ನು ಅಕ್ಕಾರ ಅನ್ನುತ್ತಿದ್ದಳು. ಶನಿವಾರ ಆಫೀಸು ಮುಗಿಸಿ ಹೋದರೆ ಹಣೆಯ ಮೇಲೆ ಅಂಗೈ ಇಟ್ಟು "ಕಣ್ಣ ಮುಚ್ರಿ" ಅನ್ನುವಳು. ಕೆಳಗೆ ಕಂಡಕ್ಟರುಗಳ ಕೂಗು, ಕಿವಿಯ ಹತ್ತಿರ ಹುಬ್ಬಿನ ಕೂದಲು ಕೀಳುವ ದಾರದ ಸರಸರ ಸದ್ದು. ಅಷ್ಟು ನೋವಿನಲ್ಲೂ ನನಗೆ ನಿದ್ದೆ ಬಂದುಬಿಡುತ್ತಿತ್ತು. ಅಮ್ಮ ಹೋದ ಮೇಲೆ ನನ್ನ ಮುಖವನ್ನು ಅಷ್ಟು ಜೋಪಾನವಾಗಿ ಮುಟ್ಟಿದವರು ಬೇರೆ ಯಾರೂ ಇಲ್ಲ. ಎಲ್ಲ ಮುಚ್ಚಿದಾಗ ಅವಳೂ ಗಂಡ ಮಕ್ಕಳನ್ನು ಕಟ್ಟಿಕೊಂಡು ಊರಿಗೆ ಹೋಗಿಬಿಟ್ಟಳು.

ಒಂದು ದಿನ ತಡೆಯಲಾರದೆ ವಿಡಿಯೋ ಕಾಲ್ ಮಾಡಿದೆ. ನನ್ನ ಹುಬ್ಬು ನೋಡಿ, ಇದೇನ್ರೀ ಅಕ್ಕಾರ, ಬೇಲಿ ಬೆಳೆದಂಗ ಬೆಳೆದಾವ ಅಂದಳು. ಮನೆಯಲ್ಲಿ ಯಾರಾದರೂ ಇದ್ದರೆ ಕರೆಯಿರಿ, ಇಲ್ಲಿಂದಲೇ ಕಲಿಸಿಕೊಡುತ್ತೇನೆ ಅಂದಳು. ಅತ್ತೆಗೆ ಕಣ್ಣು ಸರಿಯಾಗಿ ಕಾಣುವುದಿಲ್ಲ. ನಮ್ಮವರೇ ಬರಬೇಕಾಯಿತು.

ಫಿಟ್ಟರ್ ಅಲ್ಲವೇ, ಅವರು ಬರೀ ಕೈಯಲ್ಲಿ ಬರಲಿಲ್ಲ. ಸ್ಟೀಲ್ ಸ್ಕೇಲು ತಂದು ಎರಡೂ ಹುಬ್ಬು ಅಳೆದು, ಎಡಗಡೆಯದು ಲೆವೆಲ್ ಇಲ್ಲ ಅಂತ ತೀರ್ಮಾನ ಕೊಟ್ಟರು. ಹೊಲಿಗೆ ದಾರವನ್ನು ಬೆರಳಿಗೆ ಸುತ್ತುವುದು ಹೇಗೆ, ತಿರುಚುವುದು ಹೇಗೆ ಅಂತ ಅಕ್ಕ ಫೋನಿನಲ್ಲಿ ತೋರಿಸಿದಳು. ಅಲ್ಲಿಯವರೆಗೆ ಎಲ್ಲ ಸರಿ ಹೋಯಿತು.

"ಈಗ ತುದಿ ಹಲ್ಲಾಗ ಗಟ್ಟಿ ಹಿಡೀರಿ ಸರ. ಹಿಡಿದು ಒಮ್ಮೆ ಜಗ್ಗ್ರಿ."

ನಮ್ಮವರ ಮುಂದಿನ ಹಲ್ಲೊಂದು ಕಟ್ಟಿಸಿದ್ದು. ಅದು ನನಗೂ ಮರೆತಿತ್ತು, ಅವರಿಗೂ ಮರೆತಿತ್ತು. ಅವರು ಕಾರ್ಖಾನೆಯ ಜೋರಿನಲ್ಲೇ ಜಗ್ಗಿದರು. ಟಕ್ ಅಂತ ನನ್ನ ಹಣೆಗೆ ಏನೋ ಬಡಿಯಿತು.

"ಬಂತೇನ್ರೀ ಅಕ್ಕಾರ?" ಅಂತ ಅವಳು ಆ ಕಡೆಯಿಂದ ಕೇಳಿದಳು.

"ಬಂತು. ಹುಬ್ಬಿನ ಕೂದ್ಲು ಅಲ್ಲೇ ಇದೆ, ಇವರ ಹಲ್ಲು ಬಂತು."

ಅವಳು ನಗಲು ಶುರು ಮಾಡಿದಳು. ಫೋನು ಅವಳ ಕೈಯಿಂದ ಜಾರಿತು. ನಮಗೆ ಅವರ ಮನೆಯ ತಗಡಿನ ಸೂರು ಮಾತ್ರ ಕಾಣುತ್ತಿತ್ತು, ನಗು ಕೇಳುತ್ತಿತ್ತು. ನಾನೂ ಕಣ್ಣಲ್ಲಿ ನೀರು ಬರುವವರೆಗೂ ನಕ್ಕೆ. ನಮ್ಮವರು ಬಾಯಿಗೆ ಕೈ ಅಡ್ಡ ಹಿಡಿದು ಹಲ್ಲು ತೊಳೆಯಲು ಹೋದರು. ಫೋನು ಎತ್ತಿಕೊಂಡಾಗ ಅವಳ ಮುಖ ಬೇರೆಯಾಗಿತ್ತು. ಬಹಳ ದಿನದ ಮೇಲೆ ನಕ್ಕೆ ಅಂದಳು. ಇಲ್ಲಿ ಯಾರೂ ಬರುವುದಿಲ್ಲ, ಕೈ ಸುಮ್ಮನೆ ಇರುವುದಿಲ್ಲ, ಮಗಳು ಮಲಗಿದಾಗ ಅವಳ ಹಣೆ ಸವರುತ್ತಾ ಕೂತಿರುತ್ತೇನೆ ಅಂದಳು. ಆಮೇಲೆ ಮೆಲ್ಲಗೆ, "ಹುಬ್ಬ ಯಾರ ಕೈಗೂ ಕೊಡಬ್ಯಾಡ್ರಿ ಅಕ್ಕಾರ. ನಾ ಬರೂ ತನಕ ಹಂಗೇ ಇರ್ಲಿ."

ಅವಳು ಬರಲಿಲ್ಲ. ಊರಲ್ಲೇ ಸಣ್ಣದಾಗಿ ಪಾರ್ಲರ್ ಹಾಕಿಕೊಂಡಳು. ಈಗ ನಾನು ವಾರದಲ್ಲಿ ಎರಡು ದಿನ ಆಫೀಸಿಗೆ ಹೋಗುತ್ತೇನೆ, ಉಳಿದ ದಿನ ಮನೆಯಿಂದಲೇ ಕೆಲಸ. ಬಟ್ಟೆ ಅಂಗಡಿಯ ಮೇಲೆ ಈಗ ಮೊಬೈಲ್ ರಿಪೇರಿ ಮಾಡುತ್ತಾರೆ. ಬೇರೆ ಪಾರ್ಲರಿನ ಬಾಗಿಲವರೆಗೂ ಹೋಗಿದ್ದೇನೆ, ಒಳಗೆ ಹೋಗಿಲ್ಲ.

ಮೊನ್ನೆ ಆಫೀಸಿಗೆ ಹೊಸದಾಗಿ ಸೇರಿದ ಹುಡುಗಿಯೊಬ್ಬಳು ನನ್ನ ಮುಖವನ್ನೇ ನೋಡುತ್ತಿದ್ದಳು. ಈಗ ದಪ್ಪ ಹುಬ್ಬೇ ಫ್ಯಾಷನ್ನಂತೆ. "ಮ್ಯಾಮ್, ಎಷ್ಟು ನ್ಯಾಚುರಲ್ ಆಗಿದೆ. ಯಾವ ಪಾರ್ಲರ್‌ಗೆ ಹೋಗ್ತೀರಾ?"

ಕಲಬುರಗಿಯಲ್ಲಿದೆ ಅಂದೆ.

ಅವಳು ಬೆರಗಾದಳು. "ಹುಬ್ಬಿಗೋಸ್ಕರ ಅಷ್ಟು ದೂರ ಹೋಗ್ತೀರಾ?"

"ಹೋಗ್ಬೇಕು ಅಂತಾನೇ ಬೆಳೆಸ್ತಾ ಇದ್ದೀನಿ" ಅಂದೆ.