ಹದಿನೇಳರ ನಂತರ ಮೂವತ್ನಾಲ್ಕು

ಸಂಖ್ಯೆಗಳು ಸಾಲಾಗಿಯೇ ಬರಬೇಕೆಂಬುದು ಮನುಷ್ಯನ ಮೂಢನಂಬಿಕೆಗಳಲ್ಲೆಲ್ಲ ಗಟ್ಟಿಯಾದದ್ದು. ದೇವರನ್ನು ನಂಬದವರೂ ಹದಿನೇಳರ ನಂತರ ಹದಿನೆಂಟನ್ನು ನಂಬುತ್ತಾರೆ. ಧಾರವಾಡದ ಒಂದು ದವಾಖಾನೆಗೆ ಪಾಳಿಚೀಟಿಯ ಕಂಪ್ಯೂಟರ್ ವ್ಯವಸ್ಥೆ ಮಾಡಿಕೊಟ್ಟವನು ನಾನು. ಮೊನ್ನೆ ಅಲ್ಲಿ ಹದಿನೇಳರ ಬೆನ್ನಿಗೇ ಮೂವತ್ನಾಲ್ಕು ಬಂತು. ನಡುವಿನ ಹದಿನಾರು ಚೀಟಿಗಳನ್ನು ಕೌಂಟರಿನ ರೇಣುಕಕ್ಕ ಪರಿಚಯದವರಿಗೆ ಹಂಚಿದ್ದಾಳೆಂದು ಕಾದು ಕುಳಿತವರೆಲ್ಲ ತೀರ್ಪು ಕೊಟ್ಟರು. ಡಾಕ್ಟರು ನನ್ನನ್ನು ಕರೆಸಿ, "ಇವರಿಗೆ ತಿಳಿಯೂಹಂಗ ಹೇಳ್ರಿ. ಇಲ್ಲಂದ್ರ ಅಕೀನ್ನ ಬಿಡಿಸಬೇಕಾಗ್ತದ" ಎಂದರು.

ಹೇಳಿದೆ. ದಾಖಲೆ ಇಡುವ ಯಂತ್ರಗಳು ಎರಡು. ಎರಡನೆಯದು ಮೊದಲನೆಯದರ ನಕಲು. ಪ್ರತಿ ಚೀಟಿಗೂ ನಕಲಿಗೆ ವರದಿ ಒಪ್ಪಿಸುವ ರಗಳೆ ಬೇಡವೆಂದು ಮೊದಲನೆಯದು ಒಂದಷ್ಟು ಸಂಖ್ಯೆಗಳನ್ನು ಮುಂಚೆಯೇ ತನ್ನವೆಂದು ಹಿಡಿದಿಡುತ್ತದೆ. ಅಂದು ಹದಿನೇಳನ್ನು ಕೊಟ್ಟ ಮೇಲೆ ಅದು ಕೆಟ್ಟು ನಿಂತಿತು. ಕೆಲಸ ವಹಿಸಿಕೊಂಡ ನಕಲು, ಒಂದೇ ಸಂಖ್ಯೆ ಇಬ್ಬರಿಗೆ ಹೋಗಬಾರದೆಂದು, ಹಿಡಿದಿಟ್ಟವನ್ನೆಲ್ಲ ಬಿಟ್ಟು ಮೂವತ್ನಾಲ್ಕರಿಂದ ಶುರು ಮಾಡಿತು.

ಮೂವತ್ನಾಲ್ಕರ ಚೀಟಿ ಹಿಡಿದಿದ್ದ ಹುಬ್ಬಳ್ಳಿ ಕಮರಿಪೇಟೆಯ ಕಾಕಾ, "ತಮ್ಮಾ, ಇಷ್ಟುದ್ದ ಹೇಳಾಕತ್ತಿ ಅಂದ್ರ ಇದರಾಗ ನೀನೂ ಅದಿ" ಎಂದರು.

"ಕಾಕಾ, ಬಸ್ಸಿನ ಕಿಡಕ್ಯಾಗಿಂದ ಟಾವೆಲ್ ಒಗದು ಸೀಟು ಹಿಡೀತೀರಿಲ್ಲೋ? ಒಗದಾಂವ ಬರಲೇ ಇಲ್ಲಂದ್ರ ಸೀಟು ಖಾಲಿ ಹೋಗ್ತದ. ಆ ಹದಿನಾರೂ ಹಂಗ. ಮಂದಿ ಅಲ್ರಿ, ಬರೇ ಟಾವೆಲ್!"

"ಖಾಲಿ ಇದ್ರೂ ಕೂಡಬಾರ್ದು?"

"ಕೂಡಲೇಬಾರ್ದ್ರಿ. ಹಾಕಿದಾಂವ ಬಂದ್ರ ಜಗಳ."

"ಮತ್ತ ಮದಲಽ ಹಂಗ ಹೇಳಬಾರ್ದೇನೋ! ಏ ರೇಣುಕವ್ವಾ, ಮುಂದಿನ ಪಾಳಿ ಕರಿ."

ರೇಣುಕಕ್ಕನ ಕೆಲಸ ಉಳಿಯಿತು. "ನಿಮ್ಮ ಮಶಿನ್ನಿಗೆ ಟಾವೆಲ್ ಒಗಿಯೂ ಚಟ ಬಿಡಸ್ರಿ ಸರ್, ಬೈಸಿಕೊಳ್ಳಾಕಿ ನಾನು" ಎಂದಳು, ಅಷ್ಟೇ.

ನಿಜ ಹೇಳಬೇಕೆಂದರೆ ಟಾವೆಲ್ಲಿನ ಪದ್ಧತಿಯನ್ನು ನಾನು ಜನ್ಮದಲ್ಲಿ ಒಪ್ಪಿದವನಲ್ಲ. ಟಿಕೇಟು ಮನುಷ್ಯನಿಗೆ, ಬಟ್ಟೆಗಲ್ಲ ಎಂದು ವಾದಿಸಿ ಎಷ್ಟೋ ಟಾವೆಲ್ಲುಗಳನ್ನು ಮಡಚಿಟ್ಟು ಕೂತಿದ್ದೇನೆ. ಆದರೆ ಕಾಲೇಜಿನ ಚರ್ಚಾಸ್ಪರ್ಧೆಗಳಲ್ಲಿ ಬೆಳೆದವನಿಗೆ ಪರವೂ ಒಂದೇ, ವಿರೋಧವೂ ಒಂದೇ.

ಸಂಜೆ ಹುಬ್ಬಳ್ಳಿ ಬಸ್ಸು ತುಂಬಿತ್ತು. ಒಂದೇ ಸೀಟು ಖಾಲಿ, ಅದರ ಮೇಲೊಂದು ಟಾವೆಲ್ಲು, ಪಕ್ಕದಲ್ಲಿ ಅದೇ ಕಾಕಾ.

"ಯಾರರೆ ಬರ್ತಾರೇನ್ರಿ?"

"ಗೆಳ್ಯಾ ಬರಾಂವಿದ್ದ. ಬರೂದಿಲ್ಲಂತ ಈಗ ಫೋನ್ ಮಾಡಿದ."

ಟಾವೆಲ್ಲಿಗೆ ಕೈ ಚಾಚಿದೆ. ಕಾಕಾ ನನ್ನ ಕೈಯನ್ನೇ ನೋಡುತ್ತ ಕುಳಿತರು. ನಾನು ಅಲ್ಲಿ ಕೂತೆನೆಂದರೆ ರೇಣುಕಕ್ಕನ ಹದಿನಾರು ಟಾವೆಲ್ಲುಗಳೂ ಮತ್ತೆ ಮನುಷ್ಯರಾಗಿಬಿಡುತ್ತವೆ. ಕೈ ತಾನಾಗಿ ಮೇಲಿನ ಸರಳಿಗೆ ಹೋಯಿತು.

ಹುಬ್ಬಳ್ಳಿಯವರೆಗೂ ನಿಂತೇ ಬಂದೆ. ನಡುದಾರಿಯಲ್ಲಿ ಹತ್ತಿದವನೊಬ್ಬ ಅಲ್ಲಿ ಕೂರಲು ಹೋದಾಗ, "ಟಾವೆಲ್ ಅದ, ಕಾಣೂದಿಲ್ಲೇನ್ರಿ?" ಎಂದು ಜಬರಿಸಿದವನೂ ನಾನೇ.