ಆಯುಧಪೂಜೆಗೆ ಸಿಕ್ಕಿದ ಲೈಗೇಸ್

ನಾನು ಶ್ರೀರಂಗಪಟ್ಟಣದ ಕಾಲೇಜೊಂದರಲ್ಲಿ ಜೈವಿಕ ತಂತ್ರಜ್ಞಾನದ ಮೇಷ್ಟ್ರು. ಬೆಸೆಯುವ ಪಾಠ ಹೇಳುವವನ ಕೈಯಲ್ಲೇ ಎಲ್ಲವೂ ಬಿಟ್ಟುಹೋಗುವುದು ನನ್ನ ಹಣೆಬರಹ. ಮಕ್ಕಳು ಸೇರುತ್ತಿಲ್ಲವೆಂದು ಈ ವರ್ಷಕ್ಕೆ ನಮ್ಮ ವಿಭಾಗ ಮುಚ್ಚುತ್ತದೆ. ಕೊನೆಯ ತಂಡಕ್ಕೆ ಡಿಎನ್‌ಎ ಕೂಡಿಕೊಳ್ಳುವುದನ್ನು ಒಂದು ಸಲವಾದರೂ ತೋರಿಸಿ ಬಾಗಿಲು ಹಾಕೋಣ ಎಂಬ ಆಸೆಯಿತ್ತು.

೧. ಬೆಂಕಿಯಿಲ್ಲದ ಬೆಸುಗೆ

"ಒಂದು ಕಿಣ್ವ ಡಿಎನ್‌ಎಯನ್ನು ಕತ್ತರಿಸುತ್ತದೆ. ಒಂದು ಜೀವಿಯ ತುಂಡನ್ನು ಇನ್ನೊಂದರ ತುಂಡಿಗೆ ಬೆಸೆಯುವ ಕಿಣ್ವವೇ ಲೈಗೇಸ್. ಅದನ್ನು ಫ್ರೀಜರಿನಲ್ಲೇ ಕಾಪಾಡಬೇಕು, ಬಿಸಿ ತಾಕಿದರೆ ಕೆಡುತ್ತದೆ" ಎಂದೆ.

ನಾಗಮಂಗಲದ ಅಕ್ಕಸಾಲಿಗರ ಮನೆಯ ಹುಡುಗಿ ಎದ್ದಳು. "ನಮ್ಮಪ್ಪ ಒಡ್ವೆ ಬೆಸೆಯಾಕೆ ಬೆಂಕಿ ಊದ್ತಾರೆ ಸಾ. ಇದು ಅವರ ಕೈಗೆ ಸಿಕ್ಬಾರ್ದು ಬುಡಿ."

"ಬೆಂಕಿಗೆ ಹಿಡೀತಾರೆ ಅಂತಲಾ?"

"ಬೆಂಕಿ ಯಾಕ್ ಸಾ, ಅವರ ಸಿಟ್ಟಿಗೇ ಬೆಂದೋಯ್ತದೆ."

೨. ತೊಡೆಯ ಮೇಲಿನ ಡಬ್ಬಿ

ಲೈಗೇಸಿನ ಪುಟ್ಟ ಶೀಶೆಯನ್ನು ಐಸು ತುಂಬಿದ ಡಬ್ಬಿಯಲ್ಲಿಟ್ಟುಕೊಂಡು ಮೈಸೂರಿನಿಂದ ಬಸ್ಸಿನಲ್ಲಿ ಬರುತ್ತಿದ್ದೆ. ಪಕ್ಕದಲ್ಲಿ ಪಾಂಡವಪುರದ ಅಜ್ಜಿಯೊಬ್ಬರು.

"ಮೀನೇನಪ್ಪಾ?"

"ಅಲ್ಲಜ್ಜಿ, ತುಂಡಾದದ್ದನ್ನು ಕೂಡಿಸೋ ಔಷಧಿ."

ಅಜ್ಜಿ ಡಬ್ಬಿಯತ್ತ ಬಾಗಿ ನೋಡಿದರು. ಆಮೇಲೆ, "ನನ್ ಗಂಡುಮಕ್ಳಿಬ್ರೂ ನಡುಮನೆಗೆ ಗೋಡೆ ಎತ್ತವ್ರೆ. ಒಂದ್ ತೊಟ್ಟು ಕೊಟ್ರೆ ಸಾರಿಗೆ ಬುಟ್ಬುಡ್ತೀನಿ" ಎಂದರು. ಅದು ಮನುಷ್ಯರಿಗೆ ಕೆಲಸ ಮಾಡುವುದಿಲ್ಲ ಎಂದೆ.

"ಮತ್ಯಾಕಪ್ಪಾ ಅದನ್ನ ಮಗೀನಂಗೆ ತಬ್ಕೊಂಡಿದ್ದೀಯಾ?"

೩. ಕುಂಕುಮ

ಪ್ರಯೋಗವನ್ನು ಆಯುಧಪೂಜೆ ಕಳೆದ ಮೇಲೆ ಇಟ್ಟುಕೊಂಡಿದ್ದೆ. ನಮ್ಮ ಲ್ಯಾಬಿನ ಅಟೆಂಡರು ಕೆ.ಆರ್.ಪೇಟೆಯವರು, ಭಾರೀ ಭಕ್ತರು. ಹಬ್ಬದ ದಿನ ಫ್ರಿಜ್ಜು ಆರಿಸಿ, ಒಳಗಿದ್ದುದನ್ನೆಲ್ಲ ಅಂಗಳಕ್ಕೆ ತಂದು, ತೊಳೆದು ಬಿಸಿಲಿಗಿಟ್ಟು, ಒಂದೊಂದಕ್ಕೂ ಬೊಟ್ಟಿಟ್ಟು ಮತ್ತೆ ಒಳಗೆ ಜೋಡಿಸಿದ್ದರು. ಲೈಗೇಸಿನ ಶೀಶೆಯ ಮೇಲೆ ಕುಂಕುಮ ಕಂಡಾಗಲೇ ಅದು ಬಿಸಿಲಿಗೆ ಕೆಟ್ಟಿದೆಯೆಂದು ನನಗೆ ಗೊತ್ತಾಯಿತು.

ಇನ್ನೊಂದು ಶೀಶೆ ತರಿಸಲು ಕಾಲೇಜಿನವರು ಒಪ್ಪಲಿಲ್ಲ. ಇದ್ದುದರಲ್ಲೇ ಪ್ರಯೋಗ ಮಾಡಿದೆವು. ಒಂದು ತುಂಡೂ ಕೂಡಲಿಲ್ಲ. ಮಕ್ಕಳು ಬ್ಯಾಗು ಎತ್ತಿಕೊಂಡು ಹೋದರು. ನನಗೆ ಅಳುವೇ ಬಂತು.

ಅಟೆಂಡರು ಹತ್ತಿರ ಬಂದರು. "ಬೇಜಾರ್ ಮಾಡ್ಕೋಬ್ಯಾಡಿ ಸಾ. ಬರೋ ವರ್ಸ ಅದ್ಕೆ ಪೂಜೆ ಮಾಡಾಕಿಲ್ಲ."

ಬರುವ ವರ್ಷ ನಮ್ಮ ವಿಭಾಗವೇ ಇಲ್ಲ ಎಂದು ಅವರಿಗೆ ಯಾರೂ ಹೇಳಿರಲಿಲ್ಲ. ಹೂಂ ಅಂದೆ.

ಅವರಿಗೆ ಧೈರ್ಯ ಬಂತು. "ಕೂಡ್ದೆ ಉಳ್ಕಂಡವಲ್ಲ ತುಂಡ್ಗಳು, ಎಲ್ಲಾನೂ ಒಂದೇ ಡಬ್ಬಿಗಾಕಿ ಫ್ರಿಜ್ಜಲ್ಲಿ ಮಡಗಿವ್ನಿ ಸಾ. ಒಂದೇ ಮನೇಲಿದ್ರೆ ಇವತ್ತಲ್ಲ ನಾಳೆ ಕೂಡ್ಕತವೆ ಬುಡಿ."